ಹಿಸ್ಪಾನಿಕ್ ಎಂದು ಬರೆದ ಆರು ಸಾಲು

2024ರ ಮಾರ್ಚ್ 28ರಂದು ಅಮೆರಿಕ ಸರ್ಕಾರ ತನ್ನ ಜನಗಣತಿಯಲ್ಲಿ ಜನಾಂಗವನ್ನು ಕೇಳುವ ರೀತಿ ಬದಲಿಸಿತು. ಅಲ್ಲಿಯವರೆಗೆ ‘ನೀವು ಹಿಸ್ಪಾನಿಕ್ ಅಥವಾ ಲ್ಯಾಟಿನೊ ಹೌದೇ’ ಎನ್ನುವುದು ಒಂದು ಪ್ರಶ್ನೆಯಾಗಿತ್ತು, ‘ನಿಮ್ಮ ಜನಾಂಗ ಯಾವುದು’ ಎನ್ನುವುದು ಬೇರೆ ಪ್ರಶ್ನೆಯಾಗಿತ್ತು. ಇನ್ನು ಮುಂದೆ ಎರಡೂ ಸೇರಿ ಒಂದೇ ಪ್ರಶ್ನೆ ಎಂದು ಪ್ರಕಟಣೆ ಹೇಳಿತು. ಜರ್ಮನಿಯ ಕಾರ್ಲ್ಸ್‌ರುಹೆಯ ನಮ್ಮ ಸುದ್ದಿಸಂಸ್ಥೆಯ ಇಂಗ್ಲಿಷ್ ಡೆಸ್ಕಿನಿಂದ ಆ ಸುದ್ದಿ ಹದಿನಾಲ್ಕು ಸಾಲಿನಲ್ಲಿ ಹೋಯಿತು. ಅದನ್ನು ತಿದ್ದಿದವಳು ನಾನು. ಮರುದಿನ ಗುಡ್ ಫ್ರೈಡೇ. ಈಸ್ಟರ್ ರಜೆ ಮುಗಿದ ಮೇಲೆ ನಾನು ಡೆಸ್ಕಿಗೆ ಹೋಗಲಿಲ್ಲ. ನಿವೃತ್ತಿಯ ವಯಸ್ಸಾಗಿತ್ತು.

ಇಲ್ಲಿ ಓದಿ, ಇಲ್ಲಿಯ ಸುದ್ದಿಮನೆಗಳನ್ನೂ ಅನುವಾದದ ಕಚೇರಿಗಳನ್ನೂ ಸೇರುತ್ತಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಈಗ ಇದ್ದಾರೆ. ಅವರಲ್ಲಿ ಕೆಲವರು, ಕೆಲಸ ಹೇಗಿತ್ತು ಬರೆಯಿರಿ ಎಂದು ಕೇಳಿದರು. ನಾನು ಯಾವಾಗ ಉಪಸಂಪಾದಕಿಯಾದೆ, ಯಾವಾಗ ಹಿರಿಯ ಉಪಸಂಪಾದಕಿಯಾದೆ ಎನ್ನುವುದರಲ್ಲಿ ಯಾರಿಗೂ ಉಪಯೋಗವಿಲ್ಲ. ಎರಡು ಪದಗಳ ಬಗ್ಗೆ ಬರೆಯುತ್ತೇನೆ. ಆ ಪದಗಳನ್ನು ನನ್ನಷ್ಟು ಬಲ್ಲವರು ನಮ್ಮ ಕಟ್ಟಡದಲ್ಲಿ ಇರಲಿಲ್ಲ. ತಪ್ಪು ಮಾಡಿದವಳೂ ನಾನೇ.

ನಾನು ಗದಗಿನವಳು. ಹುಬ್ಬಳ್ಳಿಯ ಒಂದು ದಿನಪತ್ರಿಕೆಯಲ್ಲಿ ಮೂರು ವರ್ಷ ಕೆಲಸ ಮಾಡಿದ್ದೆ. ಗಂಡ ಶ್ರೀಧರನಿಗೆ ಕಾರ್ಲ್ಸ್‌ರುಹೆಯಲ್ಲಿ ಎಂಜಿನಿಯರ್ ಕೆಲಸ ಸಿಕ್ಕಾಗ ಇಲ್ಲಿಗೆ ಬಂದೆ. ಸಂಜೆ ತರಗತಿಗಳಲ್ಲಿ ಜರ್ಮನ್ ಕಲಿತೆ, ಅದೇ ಕಟ್ಟಡದಲ್ಲಿ ಸ್ಪ್ಯಾನಿಷ್ ತರಗತಿಗೂ ಜಾಗವಿತ್ತೆಂದು ಅದನ್ನೂ ಕಲಿತೆ. ಆಗ ಒಂದು ಸಣ್ಣ ಸುದ್ದಿಸಂಸ್ಥೆ, ಜರ್ಮನಿಯಲ್ಲಿರುವ ವಿದೇಶಿಯರಿಗಾಗಿ ಇಂಗ್ಲಿಷಿನಲ್ಲಿ ಚಿಕ್ಕ ಸುದ್ದಿಗಳನ್ನು ಕೊಡುವ ವಿಭಾಗ ತೆರೆಯಿತು. ಅಮೆರಿಕದ ಸೈನಿಕರ ಕುಟುಂಬಗಳು, ರಾಯಭಾರ ಕಚೇರಿಗಳು, ಬೇರೆ ಬೇರೆ ದೇಶದವರ ಸಂಘಗಳು ಅದರ ಚಂದಾದಾರರು. ಡೆಸ್ಕಿನಲ್ಲಿ ನಾವು ಐದು ಜನ. ಮುಖ್ಯಸ್ಥ ಹೆರ್ ಕ್ರ್ಯೂಗರ್; ಇಲ್ಲಿ ಗಂಡಸರಿಗೆ ಹೆರ್, ಹೆಂಗಸರಿಗೆ ಫ್ರಾವ್ ಎಂದು ಸೇರಿಸಿ ಕರೆಯುವುದು ರೂಢಿ.

ಕ್ರ್ಯೂಗರ್ ಮೊದಲ ದಿನ ನನಗೆ ಮೂರು ನಿಯಮ ಹೇಳಿದರು. ಏನಾಯಿತು ಎನ್ನುವುದು ಮೊದಲ ಸಾಲಿನಲ್ಲಿ ಇರಬೇಕು. ಒಂದು ವಿಷಯಕ್ಕೆ ಒಂದೇ ಪದ ಬಳಸಬೇಕು. ಕಾಪಿ, ಅಂದರೆ ಸುದ್ದಿಯ ಬರಹ, ಉದ್ದವಾದರೆ ಕೆಳಗಿನಿಂದ ಕತ್ತರಿಸಬೇಕು. ಮೂರನೆಯದು ಎಲ್ಲ ಸುದ್ದಿಮನೆಗಳ ನಿಯಮ. ಮುಖ್ಯವಾದದ್ದು ಮೇಲಿರುತ್ತದೆ, ಕೆಳಗೆ ಹೋದಂತೆ ಸಣ್ಣ ವಿವರ, ಜಾಗವಿಲ್ಲದಿದ್ದರೆ ಕೆಳಗಿನದು ಹೋಗಲಿ ಎಂಬ ಲೆಕ್ಕ. ಹುಬ್ಬಳ್ಳಿಯಲ್ಲೂ ಹಾಗೆಯೇ ಮಾಡುತ್ತಿದ್ದೆವು.

ನನ್ನ ಮೊದಲ ತಪ್ಪು ನಗುವಂಥದ್ದು. ಕಾರ್ಲ್ಸ್‌ರುಹೆಯಲ್ಲಿದ್ದ ಒಬ್ಬ ಸ್ಪೇನ್ ದೇಶದ ವಾಸ್ತುಶಿಲ್ಪಿಗೆ ಏನೋ ಬಹುಮಾನ ಬಂತು. ಅಮೆರಿಕದ ಚಂದಾದಾರರಿಗೆ ತಿಳಿಯಲಿ ಎಂದು ಅವರನ್ನು ‘ಹಿಸ್ಪಾನಿಕ್ ವಾಸ್ತುಶಿಲ್ಪಿ’ ಎಂದು ಬರೆದೆ. ಮಧ್ಯಾಹ್ನ ಅವರೇ ಫೋನ್ ಮಾಡಿದರು.

“ಮೇಡಂ, ನಾನು ಸೆವಿಯಾದಲ್ಲಿ ಹುಟ್ಟಿದವನು. ಸ್ಪೇನಿನವನು. ಹಿಸ್ಪಾನಿಕ್ ಆಗ್ಬೇಕು ಅಂದ್ರೆ ನಾನು ಅಮೆರಿಕಕ್ಕೆ ವಲಸೆ ಹೋಗ್ಬೇಕು. ಇನ್ನೂ ಟಿಕೆಟ್ ತಗೊಂಡಿಲ್ಲ.”

ಅವರು ಹೇಳಿದ್ದು ಸರಿ. ಹಿಸ್ಪಾನಿಯಾ ಎನ್ನುವುದು ರೋಮನ್ನರು ಇಂದಿನ ಸ್ಪೇನ್ ಮತ್ತು ಪೋರ್ಚುಗಲ್ ಎರಡೂ ಇರುವ ನೆಲಕ್ಕೆ ಇಟ್ಟ ಹೆಸರು. ಪದದ ಬೇರು ಅಲ್ಲಿದ್ದರೂ ಅದರ ಇಂದಿನ ಅರ್ಥ ಅಮೆರಿಕದ ಸರ್ಕಾರಿ ಅರ್ಜಿಯಲ್ಲಿ ಮೂಡಿದ್ದು. ಮೆಕ್ಸಿಕೊದಿಂದ ಬಂದವರು, ಪೋರ್ಟೊ ರಿಕೊದವರು, ಕ್ಯೂಬಾದವರು ತಮ್ಮನ್ನು ತಮ್ಮ ಊರಿನ ಹೆಸರಿನಿಂದಲೇ ಕರೆದುಕೊಳ್ಳುತ್ತಿದ್ದರು. ಅವರೆಲ್ಲರ ಬಡತನ, ಶಾಲೆ, ಉದ್ಯೋಗ ಎಷ್ಟೆಂದು ಎಣಿಸಲು ಸರ್ಕಾರಕ್ಕೆ ಒಂದು ಹೆಸರು ಬೇಕಿತ್ತು. ಎಣಿಸಿರಿ ಎಂದು ಆ ಜನರ ಮುಂದಾಳುಗಳೇ ಒತ್ತಾಯಿಸುತ್ತಿದ್ದರು; ಎಣಿಕೆಯಲ್ಲಿ ಇಲ್ಲದವರಿಗೆ ಪಾಲೂ ಇರಲಿಲ್ಲ. 1977ರ ಒಂದು ಸರ್ಕಾರಿ ಆದೇಶ ‘ಹಿಸ್ಪಾನಿಕ್’ ಎಂಬ ಪದಕ್ಕೆ ವ್ಯಾಖ್ಯೆ ಕೊಟ್ಟಿತು. 1980ರ ಜನಗಣತಿ ಅದನ್ನು ಮನೆಮನೆಗೂ ಕೇಳಿತು. ವ್ಯಾಖ್ಯೆಯ ತಿರುಳು ಸ್ಪ್ಯಾನಿಷ್ ಮೂಲ, ಸ್ಪ್ಯಾನಿಷ್ ಸಂಸ್ಕೃತಿ.

ಅನೇಕರಿಗೆ ಅದು ಹಿಡಿಸಲಿಲ್ಲ. ತಮ್ಮನ್ನು ಗೆದ್ದು ಆಳಿದ ದೇಶದ ಹೆಸರನ್ನು ತಾವು ಹೊರುವುದೇಕೆ ಎಂಬುದು ಅವರ ಪ್ರಶ್ನೆ. ಅವರು ಹಿಡಿದ ಪದ ‘ಲ್ಯಾಟಿನೊ’. ಅದು ಲ್ಯಾಟಿನ್ ಅಮೆರಿಕದವನು ಎಂಬುದರ ಮೊಟಕು ರೂಪ. ‘ಲ್ಯಾಟಿನ್ ಅಮೆರಿಕ’ ಎಂಬ ಹೆಸರಿಗೂ ಒಂದು ಕಥೆಯಿದೆ. ಹತ್ತೊಂಬತ್ತನೆಯ ಶತಮಾನದ ನಡುವೆ ಪ್ಯಾರಿಸಿನಲ್ಲಿದ್ದ ದಕ್ಷಿಣ ಅಮೆರಿಕದ ಬರಹಗಾರರು, ಉತ್ತರದ ಇಂಗ್ಲಿಷ್ ಅಮೆರಿಕಕ್ಕೆ ಎದುರಾಗಿ ತಮ್ಮನ್ನು ಹೆಸರಿಸಿಕೊಳ್ಳಲು ಅದನ್ನು ಬಳಸಿದರು. ಮೆಕ್ಸಿಕೊಕ್ಕೆ ಸೈನ್ಯ ಕಳಿಸಿದ ಫ್ರೆಂಚರು, ನಾವೂ ಲ್ಯಾಟಿನ್ ಮೂಲದ ಭಾಷೆಯವರೇ ಎಂದು ಅದೇ ಪದವನ್ನು ತಮ್ಮ ಅನುಕೂಲಕ್ಕೆ ತಿರುಗಿಸಿಕೊಂಡರು. 1997ರಲ್ಲಿ ಅಮೆರಿಕ ಸರ್ಕಾರ ಎರಡನ್ನೂ ಒಂದೇ ಚೌಕದೊಳಗೆ ಹಾಕಿ ‘ಹಿಸ್ಪಾನಿಕ್ ಅಥವಾ ಲ್ಯಾಟಿನೊ’ ಎಂದಿತು.

ಎರಡೂ ಒಂದೇ ಅಲ್ಲ. ಹಿಸ್ಪಾನಿಕ್ ಭಾಷೆಯ ಗುಂಪು, ಲ್ಯಾಟಿನೊ ನೆಲದ ಗುಂಪು. ಸ್ಪೇನಿನವನು ಮೊದಲನೆಯದರೊಳಗೆ ಬರಬಹುದು, ಎರಡನೆಯದರಲ್ಲಿ ಇಲ್ಲ. ಬ್ರೆಜಿಲಿನವನು ಎರಡನೆಯದರೊಳಗೆ ಬರುತ್ತಾನೆ, ಮೊದಲನೆಯದರಲ್ಲಿ ಇಲ್ಲ. ಅವನ ಭಾಷೆ ಪೋರ್ಚುಗೀಸ್. ಈ ಕೊನೆಯ ವಾಕ್ಯವನ್ನು ಓದುಗರು ನೆನಪಿಟ್ಟುಕೊಂಡರೆ ಮುಂದಿನದು ತಿಳಿಯುತ್ತದೆ.

ಎರಡೂ ಗುಂಪಿಗೆ ಸರಿಯಾಗಿ ಸೇರದವರೂ ಇದ್ದರು. ಇಲ್ಲಿಯ ತಾಂತ್ರಿಕ ವಿಶ್ವವಿದ್ಯಾಲಯದ ಒಬ್ಬ ಗ್ವಾಟೆಮಾಲಾ ವಿದ್ಯಾರ್ಥಿಯನ್ನು ಒಂದು ಲೇಖನಕ್ಕಾಗಿ ಮಾತಾಡಿಸಿದ್ದೆ. ಅವನ ಮನೆಮಾತು ಒಂದು ಮಾಯಾ ಭಾಷೆ. “ನಮ್ಮಜ್ಜಿಗೆ ಸ್ಪ್ಯಾನಿಷ್ ಒಂದು ಪದ ಬರ್ತಿರಲಿಲ್ಲ. ನಮ್ಮ ಚಿಕ್ಕಪ್ಪ ಅಮೆರಿಕಕ್ಕೆ ಹೋದಾಗ ಆಸ್ಪತ್ರೆಯ ಅರ್ಜೀಲಿ ನೀನು ಹಿಸ್ಪಾನಿಕ್ ಅಂತ ಬರೆದ್ರಂತೆ. ಅವನು ಅದು ಕಾಯಿಲೆ ಹೆಸರು ಅಂದ್ಕೊಂಡು ಮೂರು ದಿನ ಊಟ ಬಿಟ್ಟಿದ್ದ” ಎಂದು ಹೇಳಿ ನಕ್ಕ. ಆ ಮಾತನ್ನು ಲೇಖನದ ಕೊನೆಯಲ್ಲಿ ಇಟ್ಟಿದ್ದೆ. ಕೊನೆಯಲ್ಲಿದ್ದದ್ದರಿಂದ ಕತ್ತರಿಸಿಹೋಯಿತು.

ನನಗೆ ಈ ವಿಷಯದಲ್ಲಿ ಆಸಕ್ತಿ ಬರಲು ಕಾರಣ ಮನೆಯಲ್ಲೇ ಇತ್ತು. ಮುಂಬಯಿಯಲ್ಲಿದ್ದ ನಮ್ಮ ಸೋದರಮಾವನನ್ನು ಅಲ್ಲಿಯವರು ಮದ್ರಾಸಿ ಎಂದು ಕರೆಯುತ್ತಿದ್ದರು. ಅವನು ಮದ್ರಾಸನ್ನು ಕಂಡವನೇ ಅಲ್ಲ. ಇಲ್ಲಿ ಒಮ್ಮೆ ರೈಲು ನಿಲ್ದಾಣದಲ್ಲಿ ಯಾರದೋ ಚೀಲ ಕಳುವಾಯಿತು. ಕದ್ದವನು ‘ದಕ್ಷಿಣದವನ ಚಹರೆ’ ಎಂದು ಯಾರೋ ಹೇಳಿದ್ದರಿಂದ ಶ್ರೀಧರನನ್ನು ಪೊಲೀಸರು ಅರ್ಧ ಗಂಟೆ ನಿಲ್ಲಿಸಿಕೊಂಡರು. ಜರ್ಮನಿಯಲ್ಲಿ ಆ ಮಾತಿಗೆ ಇಟಲಿ, ಟರ್ಕಿ, ಮೊರಾಕೊ, ಪೆರು, ಗದಗ ಎಲ್ಲವೂ ಸೇರುತ್ತವೆ. ಮನೆಗೆ ಬಂದ ಶ್ರೀಧರ, “ನಾ ದಕ್ಷಿಣದವನು ಹೌದಲ್ಲಬೇ, ಸುಳ್ಳೇನ ಹೇಳ್ಯಾರ ಅವರು?” ಎಂದ. ನಗಿಸಲು ಹೇಳಿದ್ದ. ಊಟ ಮಾಡಲಿಲ್ಲ.

ಹಾಗಾಗಿ ನಾನು ಹಿಸ್ಪಾನಿಕ್, ಲ್ಯಾಟಿನೊ ಪದಗಳ ಮೇಲೆ ಮೂರು ಪುಟದ ಟಿಪ್ಪಣಿ ಬರೆದು ಕ್ರ್ಯೂಗರ್ ಅವರಿಗೆ ಕೊಟ್ಟೆ. ಡೆಸ್ಕಿನಲ್ಲಿ ಒಬ್ಬೊಬ್ಬರು ಒಂದೊಂದು ಬರೆಯುತ್ತಿದ್ದರು. ಸುದ್ದಿಗಳಿಗೆ ಟ್ಯಾಗ್, ಅಂದರೆ ವಿಷಯ ಸೂಚಿಸುವ ಗುರುತುಪದ, ಹಾಕುವ ಪದ್ಧತಿ ಆಗಷ್ಟೇ ಬಂದಿತ್ತು. ಟ್ಯಾಗ್ ನೋಡಿ ಸುದ್ದಿ ತಾನಾಗಿಯೇ ಆಯಾ ಚಂದಾದಾರರಿಗೆ ಹೋಗುತ್ತಿತ್ತು. ಎರಡು ಪದವಿದ್ದರೆ ಯಂತ್ರ ಎರಡು ದಾರಿ ಹಿಡಿಯುತ್ತಿತ್ತು.

ಕ್ರ್ಯೂಗರ್ ಟಿಪ್ಪಣಿಯನ್ನು ಪೂರ್ತಿ ಓದಿದರು. ಅವರು ಯಾವುದನ್ನೂ ಅರ್ಧ ಓದುವವರಲ್ಲ.

“ಮೂರೂ ಪುಟ ಚೆನ್ನಾಗಿದೆ, ಫ್ರಾವ್ ಕುಲಕರ್ಣಿ. ಡೆಸ್ಕಿಗೆ ಒಂದು ಸಾಲು ಸಾಕು.”

“ಒಂದು ಸಾಲಿನಲ್ಲಿ ಹೇಳಿದರೆ ತಪ್ಪಾಗ್ತದೆ.”

“ಮೂರು ಪುಟ ಹೇಳಿದರೆ ಯಾರೂ ಓದಲ್ಲ. ಯಾವುದು ಕಡಿಮೆ ತಪ್ಪು, ನೀವೇ ಆರಿಸಿ.”

ಆರಿಸಿದವಳು ನಾನು. ಡೆಸ್ಕಿನವರೆಲ್ಲ ಪಾಲಿಸಬೇಕಾದ ಪದಬಳಕೆಯ ಶೈಲಿಪಟ್ಟಿಯಲ್ಲಿ ಬರೆದ ಸಾಲು ಹೀಗಿತ್ತು: ‘ದೇಶ ತಿಳಿದಿದ್ದರೆ ದೇಶದ ಹೆಸರು, ತಿಳಿಯದಿದ್ದರೆ ಹಿಸ್ಪಾನಿಕ್. ಲ್ಯಾಟಿನೊ, ಲ್ಯಾಟಿನ್ ಅಮೆರಿಕನ್ ಎಂದು ವ್ಯಕ್ತಿಗಳಿಗೆ ಬಳಸಬೇಡಿ.’ ಅಮೆರಿಕ ಸರ್ಕಾರವೇ ಎರಡನ್ನೂ ಒಂದಾಗಿ ಬಳಸುತ್ತದೆ ಎಂಬುದು ನನ್ನ ಸಮರ್ಥನೆ. ಆ ಸಾಲು ಹದಿನೈದು ವರ್ಷಕ್ಕೂ ಮೇಲ್ಪಟ್ಟು ಉಳಿಯಿತು. ಹೊಸಬರು ಬಂದಾಗಲೆಲ್ಲ ಅದನ್ನು ತೋರಿಸಿ ನಾನು ಪಾಠ ಮಾಡುತ್ತಿದ್ದೆ.

ಇನ್ನು ಇವಾನಿಯ ವಿಷಯ.

ಇವಾನಿ ನಮ್ಮ ಕಟ್ಟಡದ ಕಚೇರಿಗಳನ್ನು ಶುಚಿ ಮಾಡುತ್ತಿದ್ದ ಬ್ರೆಜಿಲಿನ ಹೆಂಗಸು. ಮಧ್ಯಾಹ್ನ ಎರಡಕ್ಕೆ ಬಂದು, ಅಡುಗೆಕೋಣೆಯ ಕಪ್ಪುಗಳನ್ನು ತೊಳೆದು ಕೆಲಸ ಶುರುಮಾಡುವಳು. ಅದು ನನ್ನ ಚಹಾದ ಹೊತ್ತು. ನಾನು ಏಲಕ್ಕಿ ಹಾಕಿ ಚಹಾ ಕುದಿಸಿದರೆ ಅವಳಿಗೂ ಒಂದು ಲೋಟ. “ಫ್ರಾವ್ ಮಾಲತಿ, ನಿಮ್ಮ ಚಹಾಕ್ಕೆ ನಮ್ಮೂರಿನ ಪಾಯಸದ ವಾಸನೆ” ಎನ್ನುವಳು. ಅವಳ ಜರ್ಮನ್ ನನ್ನ ಮೊದಲ ವರ್ಷದ ಜರ್ಮನ್ ಇದ್ದಂತೆ ಇತ್ತು. ಅದರಿಂದ ನಮ್ಮಿಬ್ಬರಿಗೆ ಮಾತು ಸುಲಭ.

ನಾನು ನಿವೃತ್ತಳಾಗುವುದಕ್ಕೆ ಎಂಟು ವರ್ಷ ಮೊದಲು, ಏಪ್ರಿಲಿನ ಒಂದು ಮಧ್ಯಾಹ್ನ, ಇವಾನಿ ಅಡುಗೆಕೋಣೆಯ ಬಾಗಿಲು ಹಾಕಿದಳು. ಅವಳ ತಮ್ಮ ನಿಲ್ಟನ್ ಎರಡು ತಿಂಗಳಿಂದ ಫೋನ್ ಮಾಡಿರಲಿಲ್ಲ. ಟೈಲ್ಸ್ ಹಾಕುವ ಕೆಲಸದವನು. ಪ್ರವಾಸಿಯಾಗಿ ಬಂದು ಉಳಿದುಕೊಂಡಿದ್ದ, ಇರಲು ಕೊಟ್ಟ ಅವಧಿ ಮುಗಿದು ಒಂದು ವರ್ಷವಾಗಿತ್ತು. ಇಂಗೋಲ್‌ಸ್ಟಾಟ್‌ನಲ್ಲಿ ಹೊಸ ಮನೆಗಳು ಏಳುತ್ತಿವೆ, ಅಲ್ಲಿಗೆ ಹೋಗುತ್ತೇನೆ ಎಂದು ಫೆಬ್ರವರಿಯಲ್ಲಿ ಹೇಳಿದ್ದೇ ಕೊನೆಯ ಮಾತು.

“ಪೊಲೀಸ್‌ಗೆ ಹೇಳಿದ್ರಾ?” ಎಂದೆ.

“ಬೇಡ, ಬೇಡ. ಅವನಿಗೆ ಕಾಗದ ಇಲ್ಲ. ನನ್ನ ರೆಸಿಡೆನ್ಸ್ ಪರ್ಮಿಟ್ ಈ ಬೇಸಿಗೇಲಿ ರಿನ್ಯೂ ಆಗ್ಬೇಕು. ಇಷ್ಟು ದಿನ ಅವನು ನಿನ್ನ ಮನೇಲಿದ್ನಾ ಅಂತ ಕೇಳ್ತಾರೆ. ನೀವು ಸುದ್ದಿಯವರು. ಎಲ್ಲಾ ಸುದ್ದಿ ನಿಮ್ಮ ಮೆಷಿನಲ್ಲಿ ಬರತ್ತೆ. ಒಂದ್ಸಲ ನೋಡ್ತೀರಾ? ಅಮ್ಮ ಪ್ರತಿ ಭಾನುವಾರ ಫೋನಲ್ಲಿ ಅವನನ್ನ ಕೇಳ್ತಾಳೆ.”

ಅಂದು ನಾನು ಅವಳಿಗೆ ಒಬ್ಬ ವಕೀಲರ ಹೆಸರು ಕೊಡಬೇಕಾಗಿತ್ತು; ಅವಳ ಹೆಸರು ಹೊರಬರದಂತೆ ಅವರು ಪೊಲೀಸರನ್ನು ವಿಚಾರಿಸಬಹುದಿತ್ತು. ಕೊಡಲಿಲ್ಲ. ನೋಡುತ್ತೇನೆ ಎಂದೆ. ಗುರುತು ಹೇಳು ಎಂದು ಕಾಗದ ತೆಗೆದೆ. ವಯಸ್ಸು ಮೂವತ್ತೊಂದು, ಗಿಡ್ಡ, ಗುಂಗುರು ಕೂದಲು. ಚಿಕ್ಕವನಿದ್ದಾಗ ಕಬ್ಬಿನ ಗಾಣಕ್ಕೆ ಸಿಕ್ಕಿ ಎಡಗೈ ಹೆಬ್ಬೆರಳು ಸೊಟ್ಟಗಾಗಿತ್ತು. ಅದನ್ನು ಹೇಳುವಾಗ ಇವಾನಿ ತನ್ನ ಹೆಬ್ಬೆರಳನ್ನು ಒಳಕ್ಕೆ ಮಡಿಸಿ ತೋರಿಸಿದಳು.

ನಮ್ಮ ಸುದ್ದಿ ಭಂಡಾರದಲ್ಲಿ ನಾನು ಹುಡುಕಿದ ಪದಗಳು ಆ ಕಾಗದದ ಹಿಂಬದಿಯಲ್ಲಿ ಈಗಲೂ ಇವೆ. ಬ್ರೆಜಿಲ್. ಬ್ರೆಜಿಲಿಯನ್. ಪೋರ್ಚುಗೀಸ್. ಲ್ಯಾಟಿನೊ. ಲ್ಯಾಟಿನ್ ಅಮೆರಿಕನ್. ಇಂಗೋಲ್‌ಸ್ಟಾಟ್. ಹೆಬ್ಬೆರಳು. ಏನೂ ಸಿಗಲಿಲ್ಲ. ಹಿಸ್ಪಾನಿಕ್ ಎಂಬ ಪದವನ್ನು ನಾನು ಹುಡುಕಲಿಲ್ಲ. ಬ್ರೆಜಿಲಿನವನು ಹಿಸ್ಪಾನಿಕ್ ಅಲ್ಲ ಎಂದು ನನಗೆ ಗೊತ್ತಿತ್ತು.

“ಏನೂ ಇಲ್ಲ ಇವಾನಿ. ಸುದ್ದಿ ಇಲ್ಲ ಅಂದ್ರೆ ಒಳ್ಳೇದೇ” ಎಂದೆ.

ಆಮೇಲೆ ತಿಂಗಳಿಗೊಮ್ಮೆ ಅವಳು ಕೇಳುವಳು. ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಕಪ್ಪು ಒರೆಸುತ್ತ ನನ್ನ ಕಡೆ ನೋಡುವಳು. ನಾನು ತಲೆಯಾಡಿಸುವೆ. ಎರಡನೆಯ ವರ್ಷದಿಂದ, ನಿಲ್ಟನ್ ಸರಕು ಹಡಗಿನಲ್ಲಿ ಕೆಲಸಕ್ಕೆ ಸೇರಿದ್ದಾನೆ, ಅಲ್ಲಿ ಫೋನ್ ಸಿಗುವುದಿಲ್ಲ ಎಂದು ತಾಯಿಗೆ ಹೇಳತೊಡಗಿದಳು. ಹಾಗೆಂದು ನನಗೆ ಹೇಳಿದ ದಿನ, “ಹಡಗು ಅಂದ್ರೆ ಅಮ್ಮ ನಂಬ್ತಾಳೆ. ಅವಳು ಸಮುದ್ರ ನೋಡಿಲ್ಲ” ಎಂದಳು. ಹೀಗೆ ಆರು ವರ್ಷ ಕಳೆಯಿತು. ಅಷ್ಟರಲ್ಲಿ ಕ್ರ್ಯೂಗರ್ ನಿವೃತ್ತರಾದರು. ಇವಾನಿಗೆ ಕಾಯಂ ಪರ್ಮಿಟ್ ಸಿಕ್ಕಿತು. ನಮ್ಮ ಮಗಳು ಮದುವೆಯಾಗಿ ಬೇರೆ ಊರಿಗೆ ಹೋದಳು.

ಸಂಸ್ಥೆ ಹಳೆಯ ಭಂಡಾರವನ್ನು ಹೊಸ ವ್ಯವಸ್ಥೆಗೆ ಸಾಗಿಸಲು ತೀರ್ಮಾನಿಸಿತು. ಕೆಲಸ ವಹಿಸಿಕೊಂಡದ್ದು ಸೇಂಟ್ ಲಿಯೋನ್-ರೋಟ್‌ನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ಅಲ್ಲಿಂದ ಬಂದ ಎಂಜಿನಿಯರ್ ಮೈಸೂರಿನ ನಿಖಿಲ್. ನನ್ನ ಹೆಸರು ನೋಡಿದವನೇ ಕನ್ನಡದಲ್ಲಿ ಮಾತು ಶುರುಮಾಡಿದ. ಹೊಸ ವ್ಯವಸ್ಥೆಯಲ್ಲಿ ವ್ಯಕ್ತಿಯ ದೇಶ ಎಂಬ ಖಾನೆಯನ್ನು ತುಂಬಲೇಬೇಕಿತ್ತು.

“ಆಂಟಿ, ಇಲ್ಲ್ ನೋಡಿ. ಈ ಹಿಸ್ಪಾನಿಕ್ ಅನ್ನೋ ಟ್ಯಾಗ್ ಕಂಟ್ರಿ ಅಲ್ಲ. ಸಿಸ್ಟಮ್ ತಗೊಳ್ತಾನೇ ಇಲ್ಲ, ಎಲ್ಲಾ ರಿಜೆಕ್ಟ್ ಮಾಡ್ತಿದೆ.”

“ದೇಶ ಗೊತ್ತಿಲ್ಲಾಂದ್ರನ ಹಂಗ ಬರದೀವಪಾ. ಅದಽ ರೂಲು.”

“ಯಾರ್ ಮಾಡಿದ್ ರೂಲ್ ಆಂಟಿ?”

“ನಾನಽ.”

“ಹಾಗಿದ್ರೆ ನೀವೇ ಬಿಡಿಸ್ಬೇಕು” ಎಂದು ನಕ್ಕ. “ಒರಿಜಿನಲ್ ಪೊಲೀಸ್ ನೋಟ್ ಸ್ಕ್ಯಾನ್ ಆಗಿದೆ. ನಿಮ್ ಕಾಪಿ ಪಕ್ಕದಲ್ಲೇ ಓಪನ್ ಆಗೋ ಹಾಗೆ ಮಾಡ್ಕೊಡ್ತೀನಿ. ಓದಿ ಏನಾದ್ರೂ ಕ್ಲೂ ಸಿಕ್ರೆ ಕಂಟ್ರಿ ಹಾಕಿ, ಇಲ್ದಿದ್ರೆ ಅನ್‌ನೋನ್ ಅಂತ ಹಾಕಿ.”

ಎಡಕ್ಕೆ ನಾವು ಕಳುಹಿಸಿದ ಸುದ್ದಿ, ಬಲಕ್ಕೆ ಮೂಲ ಪ್ರಕಟಣೆ. ನಿಮ್ಮ ಹಳೆಯ ಕಾಪಿಯನ್ನು ಅದರ ಮೂಲದ ಪಕ್ಕದಲ್ಲಿಟ್ಟು ಓದುವ ಅವಕಾಶ ಸಿಕ್ಕರೆ ನೀವೂ ಓದಿ. ನಮ್ಮ ಕಾಲದಲ್ಲಿ ಅದು ಸಿಗುತ್ತಿರಲಿಲ್ಲ. ಕಳುಹಿಸಿದ ಕಾಪಿ ಕೈಬಿಟ್ಟಂತೆ, ಮುಂದಿನದು ಬಂದಿರುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಆ ಸುದ್ದಿ ಬಂತು. ಎಡಗಡೆ ಆರು ಸಾಲು. ‘ರೈನ್ ನದಿಯ ಬಂದರೊಂದರಲ್ಲಿ ಅಪರಿಚಿತ ಹಿಸ್ಪಾನಿಕ್ ಪುರುಷನ ಶವ ಪತ್ತೆ. ವಯಸ್ಸು ಮೂವತ್ತರ ಆಸುಪಾಸು. ಅಪರಾಧದ ಸುಳಿವಿಲ್ಲ.’ ಕೆಳಗೆ ಪೊಲೀಸರ ಫೋನ್ ಸಂಖ್ಯೆ. ಮೂಲೆಯಲ್ಲಿ ತಿದ್ದಿದವರ ಗುರುತು, ನನ್ನ ಹೆಸರಿನ ಮೊದಲಕ್ಷರಗಳು. ಇವಾನಿ ನನ್ನ ಬಳಿ ಬಂದ ಏಪ್ರಿಲಿಗೆ ಹಿಂದಿನ ಮಾರ್ಚ್.

ಬಲಗಡೆ ಪ್ರಕಟಣೆ ಹನ್ನೊಂದು ಸಾಲಿನದು. ಅದರಲ್ಲಿ ಹಿಸ್ಪಾನಿಕ್ ಎಂಬ ಪದ ಇರಲಿಲ್ಲ. ‘ಲ್ಯಾಟಿನ್ ಅಮೆರಿಕದ ಮೂಲ ಇರಬಹುದು’ ಎಂದಿತ್ತು. ಕೊನೆಯ ಎರಡು ಸಾಲುಗಳನ್ನು ನಾನು ಓದಿದ್ದೆನೋ ಇಲ್ಲವೋ ನೆನಪಿಲ್ಲ. ಓದಿದ್ದರೂ ಅಂದು ಅವು ಏನನ್ನೂ ಹೇಳುತ್ತಿರಲಿಲ್ಲ. ಮಂಡಿಗೆ ದಿಂಬು ಹೊಲಿದ ಕೆಲಸದ ಪ್ಯಾಂಟು, ಅದರಲ್ಲಿ ಟೈಲ್ಸ್ ಗಾರೆಯ ಕಲೆ. ಎಡಗೈ ಹೆಬ್ಬೆರಳಿನಲ್ಲಿ ಬಾಲ್ಯದ ಹಳೆಯ ಮುರಿತ, ಒಳಕ್ಕೆ ಬಾಗಿದೆ.

ಆ ಸುದ್ದಿ ಹಿಸ್ಪಾನಿಕ್ ಟ್ಯಾಗಿನೊಂದಿಗೆ ಸ್ಪ್ಯಾನಿಷ್ ಮಾತಾಡುವ ದೇಶಗಳ ಕಚೇರಿಗಳಿಗೂ ಸಂಘಗಳಿಗೂ ಹೋಗಿತ್ತು. ಬ್ರೆಜಿಲಿನವರ ಯಾವ ಸಂಘಕ್ಕೂ ಹೋಗಿರಲಿಲ್ಲ.

ನಿಖಿಲ್ ಪಕ್ಕದ ಮೇಜಿನಲ್ಲಿದ್ದ. “ಏನಾಯ್ತು ಆಂಟಿ? ನೀರು ತರ್ಲಾ?” ಎಂದ. ಬೇಡ ಎಂದೆ. ಕಪಾಟಿನಿಂದ ಆರು ವರ್ಷದ ಹಿಂದಿನ ಕಾಗದ ತೆಗೆದು, ಎರಡನ್ನೂ ಅವನಿಗೆ ಓದಿಸಿದೆ. ನಾನು ಓದಿದ್ದೇ ಸರಿ ಎಂದು ಇನ್ನೊಬ್ಬರು ಹೇಳಬೇಕಿತ್ತು. ಅವನು ಎರಡು ಸಲ ಓದಿ, ತನ್ನ ಪರದೆಯನ್ನು ಆರಿಸಿದ.

ಮರುದಿನ ಎರಡು ಗಂಟೆಗೆ ಅಡುಗೆಕೋಣೆಯ ಬಾಗಿಲನ್ನು ನಾನು ಹಾಕಿದೆ. ಇವಾನಿ ಕಪ್ಪುಗಳನ್ನು ಸಿಂಕಿಗೆ ಹಾಕುತ್ತಿದ್ದಳು. ಮೊದಲು ಏನಾಯಿತು ಎಂದು ಹೇಳಿದೆ. ಆಮೇಲೆ ಪೊಲೀಸರ ಪ್ರಕಟಣೆಯನ್ನು ಕೊನೆಯ ಸಾಲಿನವರೆಗೂ ಓದಿದೆ. ಆಮೇಲೆ, ನಮ್ಮ ಸುದ್ದಿಯನ್ನು ಬರೆದವರು ಯಾರು ಎಂದು ಹೇಳಿದೆ.

ಅವಳು ನೀರು ನಿಲ್ಲಿಸಲಿಲ್ಲ. “ಹೆಬ್ಬೆರಳು ಅಂತ ಅಲ್ಲಿ ಬರೆದಿತ್ತಾ?”

“ಪೊಲೀಸರು ಬರೆದಿದ್ದರು.”

“ನೀವು?”

“ನಾನು ಕತ್ತರಿಸಿದೆ. ಜಾಗ ಇರಲಿಲ್ಲ.”

“ಎಷ್ಟು ಜಾಗ ಬೇಕಿತ್ತು?”

“ಎರಡು ಸಾಲು.”

ಅವಳು ಕಪ್ಪುಗಳನ್ನೆಲ್ಲ ತೊಳೆದು ಬೋರಲು ಹಾಕಿದಳು. ಆ ದಿನ ಮೂರು ಮಹಡಿಯ ಕೆಲಸವನ್ನೂ ಮುಗಿಸಿಯೇ ಹೋದಳು. ಹೋಗುವಾಗ ನನ್ನ ಮೇಜಿನ ಬಳಿ ನಿಂತು, “ನಾಳೆ ನನ್ನ ಜೊತೆ ಪೊಲೀಸ್ ಹತ್ರ ಬರ್ತೀರಾ? ನನ್ನ ಜರ್ಮನ್ ಸಾಲದು” ಎಂದಳು.

ಹೋದೆವು. ಡಿಎನ್‌ಎ ಪರೀಕ್ಷೆಗೆಂದು, ಶವದಿಂದ ತೆಗೆದಿಟ್ಟಿದ್ದ ಮಾದರಿಯೊಂದಿಗೆ ಹೋಲಿಸಲು, ಅವಳ ಬಾಯಿಯಿಂದ ಹತ್ತಿಯಲ್ಲಿ ಉಗುಳು ತೆಗೆದುಕೊಂಡರು. ಮೇಜಿನ ಹಿಂದಿದ್ದ ಅಧಿಕಾರಿ ಮರ್ಯಾದೆಯವನು, ಯಾಕೆ ಇಷ್ಟು ತಡ ಎಂದು ಕೇಳಲಿಲ್ಲ. ಹೊರಗೆ ಟ್ರಾಮ್ ನಿಲ್ದಾಣದಲ್ಲಿ ಇವಾನಿ ಹೇಳಿದಳು: “ಇಷ್ಟು ವರ್ಷ ನಾನು ಅಮ್ಮಂಗೆ ಹೇಳಿದ್ದು ಸುಳ್ಳು. ನೀವು ನಂಗೆ ಹೇಳಿದ್ದು ಸುಳ್ಳಲ್ಲ. ಆದ್ರೂ...” ಟ್ರಾಮ್ ಬಂತು. ಇಬ್ಬರೂ ಹತ್ತಿದೆವು.

ಎರಡು ತಿಂಗಳಿಗೆ ಉತ್ತರ ಬಂತು. ಅವನು ನಿಲ್ಟನ್ನೇ. ಇಂಗೋಲ್‌ಸ್ಟಾಟ್‌ಗೆ ಹೋಗಿದ್ದನೋ ಇಲ್ಲವೋ, ಬಂದರಿಗೆ ಏಕೆ ಬಂದ, ಹೇಗೆ ಬಿದ್ದ ಎನ್ನುವುದು ಯಾವ ದಾಖಲೆಯಲ್ಲೂ ಇಲ್ಲ. ವಾರಸುದಾರರಿಲ್ಲದ ಶವವನ್ನು ಆ ಊರಿನ ಆಡಳಿತ ನಿಯಮದಂತೆ ದಹನ ಮಾಡಿಸಿ, ಬೂದಿಯ ಕರಂಡಕವನ್ನು ಹೆಸರಿಲ್ಲದವರ ಹುಲ್ಲುಗಾವಲಿನಲ್ಲಿ ಹೂಳಿತ್ತು. ಇವಾನಿಯ ಮನೆಯವರು ಸುಡುವವರಲ್ಲ. ಮಣ್ಣು ಮಾಡುವವರು. ಅದನ್ನು ಕೇಳಿದಾಗ ಮಾತ್ರ ಅವಳು ನನ್ನ ಮುಂದೆ ಅತ್ತಳು. “ಅಮ್ಮ ಅವನಿಗೆ ಅಂತ ಅಪ್ಪನ ಪಕ್ಕ ಜಾಗ ಇಟ್ಟಿದ್ದಾಳೆ” ಎಂದಳು.

ಬೂದಿಯನ್ನಾದರೂ ಊರಿಗೆ ಒಯ್ಯಲು ಅನುಮತಿ ಕೇಳಿ ಅರ್ಜಿ ಹಾಕಿದೆವು. ಅರ್ಜಿಯ ಜರ್ಮನ್ ನನ್ನದು. ಏನನ್ನೂ ಕತ್ತರಿಸದೆ ನಾಲ್ಕು ಪುಟ ಬರೆದೆ. ಸ್ಮಶಾನದ ಕಚೇರಿಯ ಉತ್ತರ ಅರ್ಧ ಪುಟ. ಆ ಹುಲ್ಲುಗಾವಲಿನಲ್ಲಿ ಹೂಳುವುದು ಮಣ್ಣಿನಲ್ಲಿ ಕರಗುವ ಕರಂಡಕಗಳನ್ನು, ಇಷ್ಟು ವರ್ಷಗಳ ಮೇಲೆ ಒಬ್ಬರದನ್ನು ಬೇರ್ಪಡಿಸಿ ತೆಗೆಯಲು ಸಾಧ್ಯವಿಲ್ಲ, ವಿಷಾದಿಸುತ್ತೇವೆ. ಒಂದು ವರ್ಷದೊಳಗೆ ಬಂದಿದ್ದರೆ ಪರಿಶೀಲಿಸಬಹುದಿತ್ತು ಎಂದು ಅಲ್ಲಿಯ ಗುಮಾಸ್ತೆ ಫೋನಿನಲ್ಲಿ ಹೇಳಿದಳು. ಆ ಮಾತನ್ನು ಇವಾನಿಗೆ ಅನುವಾದಿಸಬೇಕೇ ಎಂದು ಯೋಚಿಸಿದೆ. ಅನುವಾದಿಸಿದೆ.

ನಾವಿಬ್ಬರೂ ಒಂದು ಶನಿವಾರ ಅಲ್ಲಿಗೆ ಹೋದೆವು. ಕತ್ತರಿಸಿದ ಹುಲ್ಲು, ಅಂಚಿನಲ್ಲಿ ಎಲ್ಲರಿಗೂ ಸೇರಿದ ಒಂದು ಕಲ್ಲು. ಎಲ್ಲಿ ನಿಲ್ಲಬೇಕು ಎಂದು ತಿಳಿಯದೆ ಇವಾನಿ ಸುತ್ತ ಒಂದು ಬಾರಿ ನಡೆದಳು.

ಕ್ರ್ಯೂಗರ್ ಅವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಆಗ ಅವರಿಗೆ ಎಪ್ಪತ್ತು ದಾಟಿತ್ತು.

“ಒಂದೇ ಸಾಲು ಸಾಕು ಅಂದವನು ನಾನಲ್ಲವೇ?”

“ಹೌದು.”

“ಕೆಳಗಿನಿಂದ ಕತ್ತರಿಸು ಅಂದವನೂ ನಾನೇ.”

“ಹೌದು. ಪದ ಆರಿಸಿದವಳು ನಾನು.”

“ಹಾಗಾದರೆ ಎಲ್ಲಿಯಾದರೂ ಬರೆದರೆ ನನ್ನ ಹೆಸರನ್ನೂ ಬರೆಯಿರಿ, ಫ್ರಾವ್ ಕುಲಕರ್ಣಿ. ನಿಮ್ಮೊಬ್ಬರದನ್ನೇ ಬರೆದರೆ ವರದಿ ಪೂರ್ತಿಯಾಗುವುದಿಲ್ಲ.”

ಬರೆದಿದ್ದೇನೆ.

ತಿದ್ದುಪಡಿ ಪ್ರಕಟಿಸಿರಿ ಎಂದು ಸಂಸ್ಥೆಯನ್ನು ಕೇಳಿದೆ. ಅಷ್ಟು ಹಳೆಯ ಸುದ್ದಿಗೆ ತಿದ್ದುಪಡಿ ಕೊಡುವ ಪದ್ಧತಿಯಿಲ್ಲ ಎಂದು ಹೊಸ ಮುಖ್ಯಸ್ಥರು ಹೇಳಿದರು. ಅದು ನಿಜ, ಆ ಪದ್ಧತಿ ಇರಲಿಲ್ಲ. ಭಂಡಾರದಲ್ಲಿ ಆ ಸುದ್ದಿಯ ದೇಶದ ಖಾನೆಗೆ ನಿಖಿಲ್ ‘ಬ್ರೆಜಿಲ್’ ಎಂದು ತುಂಬಿದ. ಶೈಲಿಪಟ್ಟಿಯ ನನ್ನ ಸಾಲನ್ನು ನಾನೇ ತೆಗೆದುಹಾಕಿ, ಅದರ ಜಾಗದಲ್ಲಿ ‘ಮೂಲದಲ್ಲಿ ಇದ್ದಂತೆಯೇ ಬರೆಯಿರಿ’ ಎಂದು ಹಾಕಿದೆ. ಗುರುತು ಸಿಗದವರ ಸುದ್ದಿಯಲ್ಲಿ ದೇಹದ ಗುರುತುಗಳನ್ನು ಮೊದಲ ಪ್ಯಾರಾದಲ್ಲಿ ಕೊಡಬೇಕು ಎಂದು ಇನ್ನೊಂದು ಸಾಲು ಸೇರಿಸಿದೆ. ಈಗ ಟ್ಯಾಗುಗಳನ್ನು ಹಾಕುವುದು ಯಂತ್ರವೇ. ಅದು ಹಳೆಯ ಸುದ್ದಿಗಳನ್ನು ಓದಿ ಕಲಿಯುತ್ತದೆ ಎಂದು ನಿಖಿಲ್ ಹೇಳಿದ. ಆ ಹಳೆಯ ಸುದ್ದಿಗಳು ನಮ್ಮವು.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬಹುದಾದದ್ದು ಕಡಿಮೆ. ಎರಡೂ ಪದಗಳ ಹುಟ್ಟನ್ನೂ ಅರ್ಥವನ್ನೂ ಮೇಲೆ ಕೊಟ್ಟಿದ್ದೇನೆ, ಅವು ಸರಿಯಾಗಿವೆ. ನನಗೆ ಅಂದೂ ಅಷ್ಟು ಗೊತ್ತಿತ್ತು. ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದಲ್ಲಿ ಹುಡುಕುವಾಗ, ಇದು ಇಲ್ಲಿರಲಾರದು ಎಂದು ನೀವು ಬಿಟ್ಟ ಜಾಗವನ್ನೂ ಒಮ್ಮೆ ತೆರೆದು ನೋಡಿ. ಯಾರಾದರೂ ಕಾಣೆಯಾದವರ ವಿಷಯವನ್ನು ಅಡುಗೆಕೋಣೆಯಲ್ಲಿ ಮೆಲ್ಲಗೆ ಕೇಳಿದರೆ, ಹುಡುಕುತ್ತೇನೆ ಎನ್ನುವ ಮೊದಲು ವಕೀಲರ ಹೆಸರು ಕೊಡಿ.

ಸ್ಟಾಂಡೆಸ್‌ಆಮ್ಟ್, ಅಂದರೆ ಇಲ್ಲಿಯ ಜನನ ಮರಣ ನೋಂದಣಿ ಕಚೇರಿ, ನಿಲ್ಟನ್‌ನ ಜನ್ಮಪತ್ರವನ್ನು ಬ್ರೆಜಿಲಿನಿಂದ ತರಿಸಿ, ಅನುವಾದಿಸಿ, ಮುದ್ರೆ ಹಾಕಿಸಿ ಕೊಡಬೇಕೆಂದು ಕೇಳಿತು. ಕಾಗದಗಳು ಎರಡು ಸಲ ಹಿಂದಕ್ಕೆ ಬಂದವು. ಮರಣಪತ್ರ ಕೈಗೆ ಬಂದದ್ದು ನಾನು ನಿವೃತ್ತಳಾದ ಮೇಲೆ. ಅದರಲ್ಲಿ ಹೆಸರಿದೆ, ಹುಟ್ಟಿದ ಊರಿದೆ, ಪೌರತ್ವ ಬ್ರೆಜಿಲ್ ಎಂದಿದೆ. ಸತ್ತ ದಿನದ ಜಾಗದಲ್ಲಿ ಎರಡು ದಿನಾಂಕ ಕೊಟ್ಟು, ಇವುಗಳ ನಡುವೆ ಎಂದು ಬರೆದಿದ್ದಾರೆ. ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಇವಾನಿ ಅದರ ಪ್ರತಿಯನ್ನು ಪೋರ್ಚುಗೀಸ್ ಅನುವಾದದೊಂದಿಗೆ ಊರಿನಲ್ಲಿರುವ ಅಕ್ಕನ ಮಗಳಿಗೆ ಅಂಚೆಯಲ್ಲಿ ಕಳುಹಿಸಿದಳು. ಅದು ಮೂರು ವಾರದ ಹಿಂದೆ ತಲುಪಿದೆ. ತಾಯಿಗೆ ಓದಲು ಬರುವುದಿಲ್ಲ. ಅಕ್ಕನ ಮಗಳು ಇನ್ನೂ ಅವರಿಗೆ ಓದಿ ಹೇಳಿಲ್ಲ.